ನಮ್ಮವರಿಗಾಗಿ ಹೇಳುವ ಸುಳ್ಳು

ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಹೇಳಿಕೊಡದ ಮನೆ ನಮ್ಮಲ್ಲಿಲ್ಲ. ನಮ್ಮವರನ್ನು ಬಿಟ್ಟುಕೊಡಬಾರದು ಎಂದು ಹೇಳಿಕೊಡದ ಮನೆಯೂ ಇಲ್ಲ. ಎರಡೂ ಒಳ್ಳೆಯ ಪಾಠಗಳೇ. ಆದರೆ ಯಾವುದೋ ಒಂದು ದಿನ ಈ ಎರಡು ಪಾಠಗಳು ಎದುರುಬದುರಾಗಿ ನಿಲ್ಲುತ್ತವೆ. ನಿಜ ಹೇಳಿದರೆ ನಮ್ಮವನು ಸಿಕ್ಕಿಬೀಳುತ್ತಾನೆ. ನಮ್ಮವನನ್ನು ಉಳಿಸಬೇಕಾದರೆ ಸುಳ್ಳು ಹೇಳಬೇಕು. ಆಗ ಏನು ಮಾಡಬೇಕೆಂದು ಮಗುವಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅದು ನಮ್ಮನ್ನು ನೋಡಿ ಕಲಿಯುತ್ತದೆ.

ಇದು ಶಾಲೆಯ ಮೇಷ್ಟರು ಯೋಚಿಸಬೇಕಾದ ವಿಷಯ, ತಟ್ಟೆ ಎತ್ತಿ ಹೊಟ್ಟೆ ಹೊರೆಯುವ ನಮಗೇಕೆ ಎಂದು ಕೆಲವು ಬಂಧುಗಳು ಕೇಳಬಹುದು. ಎಲ್ಲರಿಗಿಂತ ಹೆಚ್ಚಾಗಿ ಇದು ನಮಗೇ ಬೇಕಾದದ್ದು ಎಂಬುದು ನಮ್ಮ ಅಭಿಪ್ರಾಯ. ನಾವು ಸಂಘ ಕಟ್ಟಿಕೊಂಡವರು. ಒಬ್ಬರನ್ನೊಬ್ಬರು ಬಿಟ್ಟುಕೊಡದಿರುವುದೇ ಸಂಘದ ಬಲ. ಊರು ಬಿಟ್ಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದು, ಮರಾಠಿ ಹಿಂದಿ ಆಡುವ ಈ ನಾಗಪುರದಲ್ಲಿ, ಅಡಿಗೆಮನೆಯ ಹಿಂದಿನ ಖೋಲಿಯಲ್ಲಿ ಎಂಟು ಹತ್ತು ಜನ ಒತ್ತೊತ್ತಾಗಿ ಮಲಗಿ ಬದುಕಿದವರಿಗೆ ಆ ಬಲದ ಬೆಲೆ ಗೊತ್ತು. ಆದರೆ ಅದೇ ಬಲವನ್ನು ಸುಳ್ಳಿಗೆ ದುಡಿಸಿಕೊಳ್ಳುವವರೂ ಇದ್ದಾರೆ. ಆ ಸುಳ್ಳಿನ ಭಾರ ಹೆಚ್ಚಾಗಿ ಬೀಳುವುದು ಚಿಕ್ಕವರ ತಲೆಯ ಮೇಲೆ. ಆದುದರಿಂದ ಈ ಮಾತು.

ಮೊದಲು ಮಕ್ಕಳ ವಿಷಯವನ್ನೇ ನೋಡೋಣ. ಚಾಳಿನ ಅಂಗಳದಲ್ಲಿ ಹುಡುಗರು ಚೆಂಡಾಡುತ್ತಾರೆ. ಒಬ್ಬನ ಹೊಡೆತಕ್ಕೆ ಕಿಟಕಿಯ ಗಾಜು ಒಡೆಯುತ್ತದೆ. ಮನೆಯವರು ಹೊರಗೆ ಬಂದು "ಯಾರೋ ಅದು?" ಎಂದು ಗದರಿಸುತ್ತಾರೆ. ಐದು ವರ್ಷದ ಚಿಕ್ಕವನು ಒಡೆದವನ ಕಡೆ ಬೆರಳು ತೋರಿಸಿಬಿಡುತ್ತಾನೆ. ಉಳಿದವರು ನೆಲ ನೋಡುತ್ತ ನಿಲ್ಲುತ್ತಾರೆ. ಅವರಲ್ಲಿ ದೊಡ್ಡವನೊಬ್ಬ ಮುಂದೆ ಬಂದು, "ನಾವಲ್ಲ, ಆಚೆ ಬೀದಿಯ ಹುಡುಗರು ಒಡೆದು ಓಡಿಹೋದರು" ಎನ್ನುತ್ತಾನೆ. ಅಂದಿನಿಂದ ಚಿಕ್ಕವನಿಗೆ ಚಾಡಿಕೋರ ಎಂಬ ಹೆಸರು. ದೊಡ್ಡವನು ತಂಡದ ನಾಯಕ. ಆಚೆ ಬೀದಿಯ ಹುಡುಗರು ಏಟು ತಿಂದರೇ ಇಲ್ಲವೇ ಎಂದು ಯಾರೂ ವಿಚಾರಿಸುವುದಿಲ್ಲ.

ಇಂಥ ಸಂಗತಿಗಳನ್ನು ಪಂಡಿತರು ಕೂಡ ಕೂತು ಯೋಚಿಸಿದ್ದಾರೆ. ನಾವು ಮಿಡಲ್ ಸ್ಕೂಲಿನವರೆಗೆ ಓದಿದವರು. ಓದಿದ ಗೆಳೆಯರು ತಿಳಿಸಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಇಲ್ಲಿ ಇಡುತ್ತೇವೆ.

ಸ್ವಿಟ್ಜರ್ಲೆಂಡಿನಲ್ಲಿ ಝಾನ್ ಪಿಯಾಜೆ ಎಂಬ ಪಂಡಿತರಿದ್ದರು. ಮಕ್ಕಳು ಸರಿ ತಪ್ಪುಗಳನ್ನು ಹೇಗೆ ತೂಗುತ್ತಾರೆ ಎಂಬುದರ ಮೇಲೆ ಅವರು 1932ರಲ್ಲಿ ಒಂದು ಪುಸ್ತಕ ಬರೆದರು. ಅದಕ್ಕಾಗಿ ಅವರು ಮಕ್ಕಳ ಸಂಗಡ ಗೋಲಿ ಆಡಿದರು, ಸಣ್ಣ ಸಣ್ಣ ಕತೆ ಹೇಳಿ ಅಭಿಪ್ರಾಯ ಕೇಳಿದರು. ಅದರಲ್ಲಿ ಒಂದು ಕತೆ ಹೀಗಿದೆ. ಒಬ್ಬ ತಂದೆಗೆ ಇಬ್ಬರು ಮಕ್ಕಳು. ತಂದೆ ಪ್ರಯಾಣ ಹೊರಡುವಾಗ ಒಬ್ಬ ಮಗನಿಗೆ, "ನಿನ್ನ ಸೋದರ ಏನೇನು ಮಾಡುತ್ತಾನೆ ನೋಡಿಕೊಂಡಿರು, ನಾನು ಬಂದ ಮೇಲೆ ಹೇಳು" ಎಂದು ಹೇಳಿ ಹೋಗುತ್ತಾನೆ. ಆ ಸೋದರ ಏನೋ ತಂಟೆ ಮಾಡುತ್ತಾನೆ. ತಂದೆ ಬಂದು ಕೇಳಿದಾಗ ಹುಡುಗ ಏನು ಹೇಳಬೇಕು? ಆರೇಳು ವರ್ಷದ ಮಕ್ಕಳಲ್ಲಿ ಬಹುಪಾಲು, ತಂದೆ ಕೇಳಿದ್ದಾನೆ, ಎಲ್ಲ ಹೇಳಬೇಕು ಎಂದರು. ಎಂಟು ದಾಟಿದವರಲ್ಲಿ ಬಹುಪಾಲು, ಹೇಳಬಾರದು ಎಂದರು. ಸೋದರನನ್ನು ಬಿಟ್ಟುಕೊಡುವುದಕ್ಕಿಂತ ಸುಳ್ಳು ಹೇಳುವುದೇ ಮೇಲು ಎಂದವರೂ ಅವರಲ್ಲಿದ್ದರು.

ಇದರ ಅರ್ಥವೇನು? ತೀರ ಚಿಕ್ಕ ಮಗುವಿಗೆ ದೊಡ್ಡವರ ಮಾತೇ ನ್ಯಾಯ. ಬೆಳೆಯುತ್ತ ಬೆಳೆಯುತ್ತ ಅದಕ್ಕೆ ತನ್ನ ಸರೀಕರು ಕಾಣುತ್ತಾರೆ. ಅವರ ಕಷ್ಟ ತನ್ನ ಕಷ್ಟವಾಗುತ್ತದೆ. ಇದು ಕೆಟ್ಟದ್ದಲ್ಲ. ಸಂಘದ ಬೀಜ ಮೊಳೆಯುವುದು ಅಲ್ಲಿಯೇ. ಮೇಲಿನವರಿಗೆ ಒಳಗಿನ ಸುದ್ದಿ ಮುಟ್ಟಿಸಿ ಒಳ್ಳೆಯವನೆನಿಸಿಕೊಳ್ಳುವ ಮನುಷ್ಯನನ್ನು ಯಾವ ಹೊಟೇಲಿನ ಅಡಿಗೆಮನೆಯೂ ನಂಬುವುದಿಲ್ಲ. ಮಿಲ್ಲಿನಲ್ಲಿ ದುಡಿದವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಪಿಯಾಜೆಯವರ ಕತೆಯಲ್ಲಿ ತಪ್ಪು ಮಾಡಿದವನು ಒಬ್ಬ. ಇಡೀ ಗುಂಪೇ ತಪ್ಪು ಮಾಡಿದರೆ? ಗುಂಪಿನ ಹಿತಕ್ಕೆಂದು ಹೇಳುವ ಸುಳ್ಳಿಗೆ ಈಚಿನ ಪಂಡಿತರು "ನೀಲಿ ಸುಳ್ಳು" ಎಂದು ಹೆಸರಿಟ್ಟಿದ್ದಾರೆ. ಚೀನದ ಮಕ್ಕಳ ಮೇಲೆ ಗೆನ್ಯೂ ಫು, ಕಾಂಗ್ ಲೀ ಮೊದಲಾದವರು ಮಾಡಿದ ಒಂದು ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. 7, 9 ಮತ್ತು 11 ವರ್ಷದ ಮಕ್ಕಳು. ತಮ್ಮ ಗುಂಪು ಮಾಡಿದ ಮೋಸವನ್ನು ಮುಚ್ಚಿಡಬೇಕೋ ಹೇಳಿಬಿಡಬೇಕೋ ಎಂಬ ಸನ್ನಿವೇಶವನ್ನು ಅವರಿಗೆ ತಿಳಿಯದಂತೆ ನಿಜವಾಗಿಯೇ ಒಡ್ಡಿದರು. ಕತೆ ಹೇಳಿ ಅಭಿಪ್ರಾಯವನ್ನೂ ಕೇಳಿದರು. ವಯಸ್ಸು ಏರಿದಂತೆ ಗುಂಪಿಗಾಗಿ ಸುಳ್ಳು ಹೇಳುವುದು ಹೆಚ್ಚಾಯಿತು. ಅಂಥ ಸುಳ್ಳು ಸರಿ ಎನ್ನುವುದೂ ಹೆಚ್ಚಾಯಿತು. ಬಾಯಲ್ಲಿ ಸರಿ ಎಂದವರೇ ಸಮಯ ಬಂದಾಗ ಸುಳ್ಳು ಹೇಳುವ ಸಂಭವವೂ ಹೆಚ್ಚಾಗಿತ್ತು.

ಬಂಧುಗಳು ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ದೊಡ್ಡವರಾದಂತೆ ಮಕ್ಕಳು ಹೆಚ್ಚು ಸತ್ಯವಂತರಾಗುತ್ತಾರೆ ಎಂದು ನಾವು ತಿಳಿದಿದ್ದೇವೆ. ಇಲ್ಲಿ ನೋಡಿದರೆ ಏಳು ವರ್ಷದವನಿಗಿಂತ ಹನ್ನೊಂದು ವರ್ಷದವನು ಗುಂಪಿನ ಸುಳ್ಳಿಗೆ ಹೆಚ್ಚು ಪಳಗಿದ್ದಾನೆ. ಈ ಸುಳ್ಳು ಹುಟ್ಟಿನಿಂದ ಬಂದದ್ದಲ್ಲ, ನಡುವಿನ ವರ್ಷಗಳಲ್ಲಿ ಕಲಿತದ್ದು ಎಂದು ನಮಗೆ ತೋರುತ್ತದೆ. ಮನೆ, ಬೀದಿ, ಶಾಲೆ, ಕೆಲಸದ ಜಾಗ ಎಲ್ಲವೂ ಕಲಿಸಿರಬೇಕು.

ಇನ್ನೊಂದು ಪರೀಕ್ಷೆ 2010ರಲ್ಲಿ ಬಂತು. ಚೀನ ಮತ್ತು ಅಮೆರಿಕದ 374 ಮಕ್ಕಳಿಗೆ, ತಮ್ಮ ಗುಂಪಿನ ತಪ್ಪನ್ನು ಮುಚ್ಚಲು ಸುಳ್ಳು ಹೇಳಿದವರ, ನಿಜ ಹೇಳಿದವರ ಕತೆಗಳನ್ನು ಕೇಳಿಸಿ ಅಭಿಪ್ರಾಯ ಕೇಳಿದರು. ಚೀನದಲ್ಲಿ ಗುಂಪೇ ದೊಡ್ಡದು, ಆದ್ದರಿಂದ ಅಲ್ಲಿಯ ಮಕ್ಕಳು ಇಂಥ ಸುಳ್ಳನ್ನು ಹೆಚ್ಚು ಒಪ್ಪುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಆದದ್ದು ತಿರುಗುಮುರುಗು. ಗುಂಪಿನ ತಪ್ಪು ಮುಚ್ಚುವ ಸುಳ್ಳನ್ನು ಚೀನದ ಮಕ್ಕಳೇ ಅಮೆರಿಕದವರಿಗಿಂತ ಹೆಚ್ಚು ಹಳಿದರು. ಗುಂಪಿನ ಮೇಲೆ ಪ್ರೀತಿ ಇರುವುದೂ ಗುಂಪಿನ ತಪ್ಪನ್ನು ಮುಚ್ಚುವುದೂ ಒಂದೇ ಅಲ್ಲ ಎಂಬುದು ಅವರ ಉತ್ತರದಿಂದ ನಮಗೆ ಹೊಳೆಯುವ ಮಾತು. ಇದರ ಜೊತೆಗೆ, ಕತೆಯ ಹುಡುಗ ಸುಳ್ಳು ಹೇಳಿದ್ದು ಯಾಕಿರಬಹುದು ಎಂದು ಕೇಳಿದಾಗ ಎರಡೂ ದೇಶದ ಮಕ್ಕಳ ಗಮನ ಹೋದದ್ದು ಗುಂಪಿಗೆ ಆಗುವುದರ ಕಡೆಗಲ್ಲ, ಅವನಿಗೇ ಏನಾಗುತ್ತದೆ ಎಂಬುದರ ಕಡೆಗೆ. ಬಾಯಲ್ಲಿ ಗುಂಪಿನ ಹೆಸರು, ಒಳಗೆ ತನ್ನ ಚಿಂತೆ. ಇಷ್ಟನ್ನು ಮಕ್ಕಳು ಕಂಡುಕೊಂಡಿದ್ದಾರೆ. ನಾವು ದೊಡ್ಡವರು ಕಾಣದವರಂತೆ ಇರುತ್ತೇವೆ.

ಪಂಡಿತರ ಪರೀಕ್ಷೆಗೆ ಬಹಳ ಮೊದಲೇ ನಮ್ಮ ಪುರಾಣ ಈ ಪ್ರಶ್ನೆ ಎತ್ತಿದೆ. ಕರಾವಳಿಯಲ್ಲಿ ಆಟ ನೋಡಿ ಬೆಳೆದವರಿಗೆ ದ್ರೋಣನ ಅವಸಾನದ ಕತೆ ಗೊತ್ತು. ದ್ರೋಣನನ್ನು ಗೆಲ್ಲಲಾಗದೆ ಪಾಂಡವರ ಸೈನ್ಯ ಸೋಲುತ್ತಿತ್ತು. ಭೀಮ ಅಶ್ವತ್ಥಾಮನೆಂಬ ಆನೆಯನ್ನು ಕೊಂದ. ಅಶ್ವತ್ಥಾಮ ಸತ್ತದ್ದು ನಿಜವೇ ಎಂದು ದ್ರೋಣ ಕೇಳಿದ್ದು ಧರ್ಮರಾಯನನ್ನು. ಎಂದೂ ಸುಳ್ಳಾಡದವನು ತನ್ನ ಕಡೆಯವರಿಗಾಗಿ ಹೌದೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಬಾಯೊಳಗೆ ನುಂಗಿಕೊಂಡ. ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು. ದೊಡ್ಡವರು ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಮುಂದೆ ಏನಾಯಿತು? ಶಸ್ತ್ರ ಕೆಳಗಿಟ್ಟ ದ್ರೋಣನ ತಲೆ ಹೋಯಿತು. ತಂದೆಯ ಸಾವಿನ ಸೇಡು ಹೊತ್ತ ಅಶ್ವತ್ಥಾಮ ರಾತ್ರಿ ಬಿಡಾರಕ್ಕೆ ನುಗ್ಗಿ ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನು ಕೊಂದ. ಧರ್ಮರಾಯನಿಗೆ ಆದದ್ದು ನಾಲ್ಕು ಬೆರಳಿನಷ್ಟು ನಷ್ಟ. ಉಳಿದ ಲೆಕ್ಕ ತೀರಿಸಿದವರು ಮಕ್ಕಳು.

ನಮ್ಮವರಿಗಾಗಿ ಹೇಳಿದ ಸುಳ್ಳನ್ನು ತೂಗಲು ನಮಗೆ ಕಾಣುವ ತಕ್ಕಡಿ ಇದೇ. ಯಾರಿಗಾಗಿ ಹೇಳಿದೆ ಎಂದಷ್ಟೇ ಕೇಳಿದರೆ ಸಾಲದು. ಅದರ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು.

ಈ ತಕ್ಕಡಿಯನ್ನು ಹಿಡಿದು ನಮ್ಮ ಹೊಟೇಲುಗಳಿಗೆ ಬರೋಣ. ನಮ್ಮ ಕಸುಬಿನಲ್ಲಿ ಎಷ್ಟೋ ಕಾಲದಿಂದ ಮಾಣಿಗಳ ಬಾಯಲ್ಲಿ ಹೇಳಿಸಿಕೊಂಡು ಬಂದ ಒಂದು ಸುಳ್ಳಿದೆ. ಇನ್ಸ್‌ಪೆಕ್ಟರು ಬರುತ್ತಾರೆ. ಲೋಟ ತೊಳೆಯುತ್ತಿರುವ ಹುಡುಗನನ್ನು ಕರೆದು ವಯಸ್ಸೆಷ್ಟು ಎಂದು ಕೇಳುತ್ತಾರೆ. ಹುಡುಗ ಗಲ್ಲಾದ ಕಡೆ ಒಮ್ಮೆ ನೋಡಿ, "ಹದಿನಾರಾಯ್ತು ಸಾರ್" ಎನ್ನುತ್ತಾನೆ. ಇನ್ನೂ ಹನ್ನೆರಡು ತುಂಬಿರುವುದಿಲ್ಲ. ಧಣಿಗಳು ನಿನಗೇನಾಗಬೇಕು ಎಂದರೆ, "ಸೋದರಮಾವ" ಎನ್ನುತ್ತಾನೆ. ಒಂದೇ ಊರಿನವರು ಎಂಬುದನ್ನು ಬಿಟ್ಟರೆ ಬೇರೆ ನಂಟಿರುವುದಿಲ್ಲ.

ಸೋದರಮಾವ ಎಂಬ ಮಾತು ಸುಮ್ಮನೆ ಬರುವುದಲ್ಲ. ಕಾಯಿದೆಯ ದಾರಿ ನೋಡಿ. 1986ರ ಬಾಲಕಾರ್ಮಿಕ ಕಾಯಿದೆಯಲ್ಲಿ ಮೊದಲು ಹೊಟೇಲು ನಿಷಿದ್ಧ ಕೆಲಸಗಳ ಪಟ್ಟಿಯಲ್ಲಿರಲಿಲ್ಲ. 2006ರ ಅಕ್ಟೋಬರ್ 10ರಿಂದ ಹೊಟೇಲು, ಢಾಬಾ, ಚಹದಂಗಡಿಗಳಲ್ಲಿ 14 ತುಂಬದವರನ್ನು ದುಡಿಸುವುದು ನಿಷಿದ್ಧವಾಯಿತು. 2016ರ ತಿದ್ದುಪಡಿಯ ಮೇಲೆ 14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಸಜೆ, ಇಲ್ಲವೇ 20,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಒಂದು ಬಾಗಿಲು ತೆರೆದಿಟ್ಟಿದೆ. ಅಪಾಯವಿಲ್ಲದ ಮನೆತನದ ಉದ್ಯೋಗದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಮಗು ಕೈಜೋಡಿಸಬಹುದು. ಮನೆತನವೆಂದರೆ ತಂದೆ, ತಾಯಿ, ಒಡಹುಟ್ಟಿದವರು ಮಾತ್ರವಲ್ಲ. ತಂದೆಯ ಮತ್ತು ತಾಯಿಯ ಒಡಹುಟ್ಟಿದವರೂ ಅದರಲ್ಲಿ ಸೇರಿದ್ದಾರೆ. ಸೋದರಮಾವ ಹುಟ್ಟುವುದು ಆ ಬಾಗಿಲಿನಿಂದ.

ಹುಡುಗ ಯಾಕೆ ಹೀಗೆ ಹೇಳುತ್ತಾನೆ? ಬರೇ ಹೆದರಿಕೆಯಿಂದ ಎಂದರೆ ಅರ್ಧ ಸತ್ಯ. "ನಮ್ಮ ಹೊಟೇಲು, ನಮ್ಮ ಊರಿನವರು, ನಮ್ಮ ಧಣಿ" ಎಂಬ ಅಭಿಮಾನವೂ ಅವನಲ್ಲಿದೆ. ಅವನಿಗೆ ಮೊದಲ ದಿನ ಊಟ ಹಾಕಿದವರು ಅವರು. ಊರಿನಲ್ಲಿ ಅವನ ತಾಯಿಗೆ ಮುಂಗಡ ಕೊಟ್ಟವರೂ ಅವರೇ. ಇನ್ಸ್‌ಪೆಕ್ಟರು ಬೇರೆ ಭಾಷೆಯ ಹೊರಗಿನವರು. ಹುಡುಗನ ಲೆಕ್ಕದಲ್ಲಿ ಅವನು ತನ್ನವರನ್ನು ಬಿಟ್ಟುಕೊಡದ ಗಂಡುಮಗ. ಆ ರಾತ್ರಿ ಎಲ್ಲರೂ ಅವನ ಬೆನ್ನು ತಟ್ಟಿ "ಭೇಷ್" ಎನ್ನುತ್ತಾರೆ. ಆದರೆ ಬೆಲೆ ತೆತ್ತವರು ಯಾರು? ಶಾಲೆ ಹೋದದ್ದು ಅವನದು. ನಿದ್ದೆ ಹೋದದ್ದು ಅವನದು. ನಾಳೆ ಬಿಸಿ ಎಣ್ಣೆ ಕೈಮೇಲೆ ಚೆಲ್ಲಿ ಪರಿಹಾರ ಕೇಳಬೇಕಾದರೆ, ವಯಸ್ಸು ಹದಿನಾರು, ಸೋದರಮಾವನ ಅಂಗಡಿ ಎಂದು ತಾನೇ ಆಡಿದ ಮಾತು ಅವನಿಗೇ ಅಡ್ಡ ನಿಲ್ಲುತ್ತದೆ. ಇದು ಗುಂಪಿಗಾಗಿ ಹೇಳಿದ ಸುಳ್ಳಲ್ಲ. ಗುಂಪಿನ ಹೆಸರಿನಲ್ಲಿ ಮಗುವಿನಿಂದ ಅದರ ವಿರುದ್ಧವೇ ಹೇಳಿಸಿದ ಸಾಕ್ಷಿ.

ಮಿಲ್ಲಿನ ಬಂಧುಗಳಿಗೂ ಇದು ಹೊಸದಲ್ಲ. ನಾಗಪುರದಲ್ಲಿ 1877ರಲ್ಲಿ ತೆರೆದು 2002ರಲ್ಲಿ ಮುಚ್ಚಿದ ಎಂಪ್ರೆಸ್ ಮಿಲ್ಲಿನ ಹೆಸರು ಕೇಳದವರಿಲ್ಲ. ಅದು ತೆರೆದ ಕಾಲಕ್ಕೆ ಮಕ್ಕಳ ದುಡಿಮೆಯನ್ನು ತಡೆಯುವ ಕಾರ್ಖಾನೆ ಕಾಯಿದೆ ಈ ದೇಶದಲ್ಲಿರಲಿಲ್ಲ. 1881ರ ಕಾಯಿದೆ 7 ವರ್ಷದ ಒಳಗಿನವರು ಬೇಡವೆಂದಿತು. 1891ರಲ್ಲಿ ಅದು 9 ಆಯಿತು, 1922ರಲ್ಲಿ 12, 1948ರಲ್ಲಿ 14. ಕಾಯಿದೆಯ ವಯಸ್ಸು ಏರಿದರೆ ಮಕ್ಕಳ ಬಾಯಲ್ಲಿ ಹೇಳಿಸುವ ವಯಸ್ಸನ್ನೂ ಏರಿಸುವುದು ಕಷ್ಟವಲ್ಲ. ಅಹಮದಾಬಾದಿನಲ್ಲಿ ಅರ್ಧ ದಿನದ ಕೆಲಸದ ಮಕ್ಕಳು ಎರಡು ಚೀಟಿ ಹಿಡಿದು ಒಂದೇ ದಿನ ಎರಡು ಮಿಲ್ಲುಗಳಲ್ಲಿ ದುಡಿಯುತ್ತಿದ್ದುದು ಸರಕಾರದ ವರದಿಗಳಲ್ಲೇ ದಾಖಲಾಗಿದೆ. ಆ ಸುಳ್ಳಿನಿಂದ ಮನೆಗೆ ಒಂದಿಷ್ಟು ಕಾಸು ಬಂದಿರಬಹುದು. ಬೆನ್ನು ಮುರಿದದ್ದು ಮಗುವಿನದು.

ಹುಡುಗ ಧಣಿಯ ಪರವಾಗಿ ಸುಳ್ಳು ಹೇಳಲು ಇನ್ನೊಂದು ಕಾರಣವೂ ಇದೆ. ನಿಷ್ಠೆ ಇಡಲು ಅವನಿಗೆ ತನ್ನದೇ ಆದ ಗುಂಪು ಇರಲಿಲ್ಲ. 1926ರ ಕಾರ್ಮಿಕ ಸಂಘಗಳ ಕಾಯಿದೆ 15 ತುಂಬದವರನ್ನು ಸದಸ್ಯರಾಗಲು ಬಿಡುತ್ತಿರಲಿಲ್ಲ. ದುಡಿಯುವಾಗ ದೊಡ್ಡವನು, ಸಂಘಕ್ಕೆ ಬಂದರೆ ಚಿಕ್ಕವನು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಕಾರ್ಮಿಕ ಸಂಘಟನೆಯ ಕೆಲಸದಲ್ಲಿದ್ದ ನಂದನಾ ರೆಡ್ಡಿಯವರೂ ಅವರ ಗೆಳೆಯರೂ ಹೊಟೇಲು ಮೊದಲಾದ ಕಡೆ ದುಡಿಯುವ ಮಕ್ಕಳ ನಡುವೆ ಕೆಲಸ ಆರಂಭಿಸಿದರು. 1990ರಲ್ಲಿ ಕರ್ನಾಟಕದಲ್ಲಿ ದುಡಿಯುವ ಮಕ್ಕಳದೇ ಭೀಮ ಸಂಘ ಹುಟ್ಟಿತು. ಹೊಟೇಲುಗಳಿಗೆ ಹುಡುಗರನ್ನು ಕಳಿಸುತ್ತ ಬಂದ ಕುಂದಾಪುರದ ಕಡೆಯಲ್ಲಿ ಮಕ್ಕಳ ಪಂಚಾಯತಿಗಳೂ ನಡೆದವು. ತನ್ನ ಕಷ್ಟ ಹೇಳಿಕೊಳ್ಳಲು ಸರೀಕರ ಸಂಘವಿದ್ದ ಮಗು ಧಣಿಯ ಮುಖ ನೋಡಿ ಮಾತಾಡಬೇಕಾಗಿಲ್ಲ. ಇದು ನಾವು ಅಲ್ಲಿಂದ ತೆಗೆದುಕೊಳ್ಳಬೇಕಾದ ಪಾಠ.

ಇಷ್ಟು ಧಣಿಗಳ ಮಾತಾಯಿತು. ನಮ್ಮವರ ಮಾತನ್ನೂ ಆಡದಿದ್ದರೆ ನ್ಯಾಯವಾಗುವುದಿಲ್ಲ. ಈ ಊರಿನ ಒಂದು ಹೊಟೇಲಿನಲ್ಲಿ, ಹೆಸರು ಬೇಡ, ಗಲ್ಲಾದಲ್ಲಿ ಹಣ ಕಡಿಮೆ ಬಿತ್ತು. ತೆಗೆದವನು ಸಪ್ಲಾಯರ್‌ಗಳಲ್ಲಿ ಒಬ್ಬ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವನು ನಮ್ಮ ಭಾಷೆಯವನು, ಚಂದಾ ತಪ್ಪದೆ ಕೊಡುವವನು. ಎಲ್ಲರೂ ಒಂದೇ ಬಾಯಲ್ಲಿ "ನಾವು ಕಂಡಿಲ್ಲ, ಆ ಲೋಟ ತೊಳೆಯುವ ಹುಡುಗ ಗಲ್ಲಾದ ಹತ್ತಿರ ಸುಳಿದಾಡುತ್ತಿದ್ದ" ಎಂದರು. ಆ ಹುಡುಗ ಹತ್ತಿರದ ಹಳ್ಳಿಯ ಮರಾಠಿಯವನು. ಸಂಜೆಯೊಳಗೆ ಅವನನ್ನು ಸಂಬಳವಿಲ್ಲದೆ ಹೊರಗೆ ಹಾಕಿದರು. ಸುದ್ದಿ ಸಂಘಕ್ಕೆ ಮುಟ್ಟಿ ನಾವು ಹೋಗಿ ಕೂತು ಮಾತಾಡುವ ಹೊತ್ತಿಗೆ ಹುಡುಗ ಊರಿನಲ್ಲಿರಲಿಲ್ಲ. ಆ ಕೆಲಸಗಾರರಲ್ಲಿ ಒಬ್ಬರ ಎಂಟು ವರ್ಷದ ಮಗಳು ಮನೆಯಲ್ಲಿ ಇದನ್ನೆಲ್ಲ ಕೇಳಿ, "ಅಪ್ಪಾ, ಅವನೂ ನಿಮ್ಮ ಜೊತೆ ಕೆಲಸ ಮಾಡುತ್ತಿದ್ದನಲ್ಲ, ಅವನು ನಮ್ಮವನಲ್ಲವಾ?" ಎಂದು ಕೇಳಿದಳಂತೆ. ತಂದೆಗೆ ಉತ್ತರ ತೋಚಲಿಲ್ಲ ಎಂದು ಅವರೇ ನಮ್ಮ ಬಳಿ ಹೇಳಿದರು.

ಆ ಮಗುವಿನ ಪ್ರಶ್ನೆಯಲ್ಲಿ ಸಂಘದ ಇಡೀ ತತ್ವವಿದೆ. ನಮ್ಮವರು ಎಂದರೆ ಯಾರು? ಒಂದೇ ಊರು, ಒಂದೇ ಜಾತಿ, ಒಂದೇ ಭಾಷೆಯವರೇ? ಹಾಗಾದರೆ ಧಣಿಯೂ ನಮ್ಮವನು, ಲೋಟ ತೊಳೆಯುವ ಹುಡುಗ ಹೊರಗಿನವನು. ಕೂಡಿ ದುಡಿಯುವವರೆಲ್ಲ ನಮ್ಮವರಾದರೆ, ಅಂದು ಹೇಳಿದ ಸುಳ್ಳು ನಮ್ಮವನೊಬ್ಬನನ್ನು ಉಳಿಸಲು ನಮ್ಮವನೇ ಇನ್ನೊಬ್ಬನನ್ನು ಮಾರಿದ ಸುಳ್ಳು.

ಹಾಗಾದರೆ ಎಲ್ಲ ಸುಳ್ಳೂ ಒಂದೇ ತೂಕವೇ ಎಂದು ಯಾರಾದರೂ ಕೇಳಬಹುದು. ಅಲ್ಲ. 1942ರ ಆಗಸ್ಟಿನಲ್ಲಿ ಈ ನಾಗಪುರದ ಸುತ್ತಿನ ಚಿಮೂರು, ಆಷ್ಟಿ ಊರುಗಳಲ್ಲಿ ಜನ ಬ್ರಿಟಿಷರ ವಿರುದ್ಧ ಎದ್ದರು. ಆ ಚಳವಳಿಯಲ್ಲಿ ದೇಶದ ಎಷ್ಟೋ ಮನೆಗಳು ಭೂಗತರಾದವರನ್ನು ಬಚ್ಚಿಟ್ಟುಕೊಂಡವು. ಅಂಥ ಮನೆಯ ಬಾಗಿಲಿಗೆ ಪೊಲೀಸರು ಬಂದಾಗ "ಇಲ್ಲಿ ಯಾರೂ ಇಲ್ಲ" ಎಂದ ಮಗುವನ್ನು ಸುಳ್ಳುಗಾರ ಎನ್ನಲು ನಮಗೆ ಬಾಯಿ ಬಾರದು. ತನಗಿಂತ ಬಲವಾದವರ ಅನ್ಯಾಯದಿಂದ ಒಬ್ಬನನ್ನು ಕಾಯಲು ಆ ಮನೆ ತಾನೇ ಅಪಾಯ ಹೊತ್ತಿತು, ಬೇರೆ ಯಾರ ತಲೆಗೂ ಕಟ್ಟಲಿಲ್ಲ. ಆದರೆ ಗಲ್ಲಾದ ಹಣ ತೆಗೆದವನು ಚಿಮೂರಿನ ವೀರನಲ್ಲ. ಎರಡನ್ನೂ ಒಂದೇ ಒಗ್ಗಟ್ಟು ಎಂದು ಕರೆಯುವುದು ಮಕ್ಕಳ ಕಣ್ಣಿಗೆ ಮಣ್ಣೆರಚಿದಂತೆ.

ಸುಳ್ಳು ಹೇಳುವುದು, ಚಾಡಿ ಹೇಳುವುದು, ಇವೆರಡೇ ದಾರಿ ಎಂದು ತಿಳಿಯುವುದೂ ತಪ್ಪು. ಮಹಾರಾಷ್ಟ್ರದ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಲೋಕಮಾನ್ಯ ತಿಲಕರ ಬಾಲ್ಯದ ಕತೆಯೊಂದನ್ನು ಕೇಳಿರುತ್ತಾರೆ. ತರಗತಿಯಲ್ಲಿ ನೆಲಗಡಲೆ ಸಿಪ್ಪೆ ಬಿದ್ದಿತ್ತು. ಗುಡಿಸು ಎಂದಾಗ ಬಾಲಕ, ನಾನು ತಿಂದಿಲ್ಲ, ಗುಡಿಸುವುದಿಲ್ಲ ಎಂದನಂತೆ. ತಿಂದವರ ಹೆಸರನ್ನೂ ಹೇಳಲಿಲ್ಲವಂತೆ. ಗಾಂಧೀಜಿಯವರು ತಮ್ಮ ಆತ್ಮಕತೆಯಲ್ಲಿ ಬರೆದುಕೊಂಡಿರುವ ಪ್ರಸಂಗ ಇನ್ನೂ ಹತ್ತಿರದ್ದು. ರಾಜಕೋಟೆಯ ಹೈಸ್ಕೂಲಿನ ಮೊದಲ ವರ್ಷದಲ್ಲಿ ಜೈಲ್ಸ್ ಎಂಬ ಇನ್ಸ್‌ಪೆಕ್ಟರು ಬಂದು ಐದು ಇಂಗ್ಲಿಷ್ ಪದ ಬರೆಸಿದರು. ಹುಡುಗ ಮೋಹನದಾಸ ಒಂದನ್ನು ತಪ್ಪು ಬರೆದ. ಮೇಷ್ಟರು ಬೂಟಿನ ತುದಿಯಿಂದ ಮುಟ್ಟಿ, ಪಕ್ಕದವನ ಹಲಗೆ ನೋಡಿ ಬರೆ ಎಂದು ಸೂಚಿಸಿದರು. ಮೇಷ್ಟರು ಇರುವುದೇ ನಕಲು ತಡೆಯಲು ಎಂದು ತಿಳಿದಿದ್ದ ಹುಡುಗನಿಗೆ ಆ ಸೂಚನೆ ಹೊಳೆಯಲೇ ಇಲ್ಲ. ಉಳಿದವರೆಲ್ಲರ ಐದೂ ಪದ ಸರಿಯಾದವು, ಇವನೊಬ್ಬನದು ತಪ್ಪಾಯಿತು. ಮೇಷ್ಟರು ಆಮೇಲೆ ಇವನನ್ನು ದಡ್ಡ ಎಂದರು. ಆದರೂ ಅವರ ಮೇಲಿನ ಗೌರವ ಕುಗ್ಗಲಿಲ್ಲ ಎಂದು ಅವರು ಬರೆದಿದ್ದಾರೆ.

ಶಾಲೆಯ ಮಾನ ಉಳಿಸಲು ಇನ್ಸ್‌ಪೆಕ್ಟರ ಮುಂದೆ ಆಡಿಸುವ ಆ ಆಟವೇ ನಮ್ಮ ಹೊಟೇಲಿನಲ್ಲೂ ನಡೆಯುವುದು. ಆದರೆ ಮೋಹನದಾಸನಿಗೆ ದಡ್ಡ ಎನಿಸಿಕೊಂಡು ಮನೆಗೆ ಹೋಗಲು ಮನೆಯಿತ್ತು. ಲೋಟ ತೊಳೆಯುವ ಹುಡುಗನಿಗೆ ಹೊಟೇಲೇ ಮನೆ. ಅವನಿಂದ ಅದೇ ಧೈರ್ಯ ಬೇಡುವ ಮೊದಲು ಅವನ ಬೆನ್ನಿಗೆ ನಾವು ನಿಲ್ಲಬೇಕು.

ಆದುದರಿಂದ ನಮ್ಮ ಸಲಹೆಗಳು ಇವು. ವಯಸ್ಸಿನ ಪ್ರಶ್ನೆಗೆ ಉತ್ತರ ಹುಡುಗನ ಬಾಯಿಂದ ಬರಬಾರದು, ಕಾಗದದಿಂದ ಬರಬೇಕು. ಕಾಯಿದೆಯೂ ಹಾಗೆಯೇ ಹೇಳುತ್ತದೆ. ವಯಸ್ಸಿನ ಬಗ್ಗೆ ತಕರಾರು ಬಂದು ದಾಖಲೆ ಇಲ್ಲದಿದ್ದರೆ ವೈದ್ಯರ ಬಳಿಗೆ ಕಳಿಸಬೇಕೆಂದು 1986ರ ಕಾಯಿದೆಯಲ್ಲೇ ಇದೆ. ಊರಿನಿಂದ ಹುಡುಗರನ್ನು ಕರೆತರುವವರು ಮೊದಲು ಜನನ ಪತ್ರ ನೋಡಲಿ. 14 ತುಂಬಿರದಿದ್ದರೆ ಕರೆತರುವುದೇ ಬೇಡ. ಯಾರ ಮಗನೇ ಆಗಿರಲಿ, ಯಾವ ಜಾತಿಯವನೇ ಆಗಿರಲಿ, ಸುಳ್ಳು ವಯಸ್ಸು ಹೇಳೆಂದು ಹುಡುಗನಿಗೆ ಕಲಿಸುವ ಕೆಲಸಕ್ಕೆ ನಮ್ಮ ಸದಸ್ಯರು ಕೈ ಹಾಕಬಾರದು. ಅಂಥ ಮಗುವನ್ನು ಕಂಡರೆ 1098ಕ್ಕೆ ಫೋನು ಮಾಡುವುದು ಚಾಡಿಯಲ್ಲ. ಆ ಮಗುವಿಗೆ ನಾವು ತೋರಿಸಬಹುದಾದ ನಿಷ್ಠೆಯೇ ಅದು. ಊರಿನ ಮನೆಗೆ ಬರುತ್ತಿದ್ದ ಕಾಸು ನಿಂತಿತು ಎಂಬ ಕಷ್ಟ ನಿಜ. ಅದಕ್ಕೆ ಹುಡುಗನ ತಂದೆಗೋ ಅಣ್ಣನಿಗೋ ಕೆಲಸ ನೋಡಿಕೊಡುವುದು ಸಂಘದ ಹೊಣೆ.

ಹೊಟೇಲಿನಲ್ಲಿ ವಿಚಾರಣೆ ನಡೆದಾಗ ನಾವು ಹೋಗಿ ಚಾಡಿ ಹೇಳಬೇಕಾಗಿಲ್ಲ. ಸುಳ್ಳನ್ನೂ ಹೇಳಬೇಕಾಗಿಲ್ಲ. "ನಮ್ಮೊಳಗೆ ವಿಚಾರಿಸಿ ಉತ್ತರ ಕೊಡುತ್ತೇವೆ" ಎನ್ನುವುದು ಸಂಘದ ಮಾತಾಗಲಿ. ತೆಗೆದವನಿಂದಲೇ ತುಂಬಿಸಿಕೊಡೋಣ. ಅವನ ಹೊಟ್ಟೆಯ ಮೇಲೆ ಹೊಡೆಯದಂತೆ ಧಣಿಯೊಡನೆ ವಾದಿಸೋಣ. ಆದರೆ ತಪ್ಪು ಮಾಡದವನ ಮೇಲೆ ಅಪವಾದ ಬಿದ್ದ ಗಳಿಗೆಯಲ್ಲಿ ಆ ಮೌನ ಮುಗಿಯಬೇಕು. ಆಮೇಲೂ ಬಾಯಿ ಮುಚ್ಚಿಕೊಂಡಿದ್ದರೆ ಅದು ಸುಳ್ಳಿಗೆ ಸಮ.

ಮನೆಯಲ್ಲಿ ಮಾಡಬೇಕಾದ್ದು ಇನ್ನೂ ಸುಲಭ. ಗೆಳೆಯರನ್ನು ಬಿಟ್ಟುಕೊಡದ ಮಗುವನ್ನು ಹೊಡೆಯಬೇಡಿ. ಗೆಳೆಯರಿಗಾಗಿ ಸುಳ್ಳು ಹೇಳಿ ಗೆದ್ದುಬಂದ ಮಗುವಿಗೆ ಭೇಷ್ ಎನ್ನಲೂ ಬೇಡಿ. "ಆಚೆ ಬೀದಿಯ ಹುಡುಗರಿಗೆ ಏನಾಯಿತು?" ಎಂದು ಒಂದು ಪ್ರಶ್ನೆ ಕೇಳಿ. ಮಗು ಅಷ್ಟರಿಂದಲೇ ಉಳಿದದ್ದನ್ನು ಯೋಚಿಸಿಕೊಳ್ಳುತ್ತದೆ.

ಮುಂದಿನ ತಿಂಗಳ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದಿದ್ದೇವೆ. ಸಭೆಯನ್ನು ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾ ಆರಂಭವಾಗುವ ಮೊದಲು ಇಟ್ಟುಕೊಳ್ಳೋಣ. ಸೀತಾಬರ್ಡಿಯಿಂದಲೂ ಇತವಾರಿಯಿಂದಲೂ ಬರುವವರಿಗೆ ಅನುಕೂಲವಾಗಲಿ. ಸಂಸಾರವಿದ್ದವರು ಮಕ್ಕಳನ್ನೂ ಕರೆತನ್ನಿ. ಗಲ್ಲಾದ ಕತೆಯನ್ನು ಹೆಸರಿಲ್ಲದೆ ಅವರಿಗೆ ಹೇಳಿ, ಯಾರದು ತಪ್ಪು ಎಂದು ಮೊದಲು ಅವರನ್ನೇ ಕೇಳೋಣ. ಆಮೇಲೆ ದೊಡ್ಡವರು ಮಾತಾಡಿದರಾಯಿತು.